ಅಡಿಕೆ ಬಂತು, ಅವರೆ ಹೋಯಿತು: ನಮ್ಮೂರ ಸಂಘದ ಹೆಂಗಸರು ಏನು ಮಾಡಬಹುದು?

ಕೆರೆಯಂಗಳ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ಚಿಕ್ಕನಾಯಕನಹಳ್ಳಿ ಕಡೆ ಒಂದು ಸಣ್ಣ ಹಳ್ಳಿ. ನಾನಿರುವುದು ಬೆಂಗಳೂರಲ್ಲಿ, ತಿಂಗಳಿಗೊಮ್ಮೆ ಊರಿಗೆ ಹೋಗುತ್ತೇನೆ. ಹೋದ ವಾರ ಹೋದಾಗ ಅತ್ತಿಗೆಯ ರಕ್ತ ಪರೀಕ್ಷೆಯ ಚೀಟಿ ಬಂದಿತ್ತು. ಅವರಿಗೀಗ ಐದು ತಿಂಗಳು. ಎಚ್‌ಬಿ, ಅಂದರೆ ರಕ್ತದ ಹಿಮೋಗ್ಲೋಬಿನ್, 8.4. ಆಶಾ ಕಾರ್ಯಕರ್ತೆಯನ್ನು ಕೇಳಿದರೆ "ನಿಮ್ಮನೇದೇನು, ಈ ಬೀದಿಯಲ್ಲಿ ಮುಕ್ಕಾಲು ಪಾಲು ಹೆಂಗಸರದ್ದು ಇದೇ ಕಥೆ" ಅಂದರು. ಅಮ್ಮ ಅಲ್ಲೇ ಕೂತು "ನಾನು ಮೂರು ಹೆತ್ತೆ, ಒಬ್ಬರೂ ರಕ್ತ ಕಮ್ಮಿ ಅನ್ನಲಿಲ್ಲ" ಅಂದರು. ಆಗ ಯಾರೂ ಪರೀಕ್ಷೆಯನ್ನೇ ಮಾಡಿರಲಿಲ್ಲ, ಅದು ಬೇರೆ ಮಾತು.

ನನಗೆ ಅರ್ಥವಾಗದೇ ಇರುವುದು ಏನಂದ್ರೆ, ನಮ್ಮ ಮನೆಯಲ್ಲಿ ಈಗ ದುಡ್ಡಿಗೆ ಹಿಂದಿನಷ್ಟು ಕಷ್ಟ ಇಲ್ಲ. ಇರುವುದು ಮೂರೂವರೆ ಎಕರೆ. ಹನ್ನೆರಡು ವರ್ಷದ ಹಿಂದೆ ಪೂರ್ತಿ ರಾಗಿ ಹೊಲ. ಬೋರ್‌ನಲ್ಲಿ ನೀರು ಸಿಕ್ಕಿತು, ಅಪ್ಪ ಅಡಿಕೆ ಹಾಕಿದರು. ಈಗ ಕೊಯ್ಲಿಗೆ ಬಂದಿದೆ, ಬೈಕು ಬಂತು, ಮನೆಗೆ ತಾರಸಿ ಬಂತು. ಮೊದಲು ರಾಗಿ ಬಿತ್ತುವಾಗ ಅಪ್ಪ ಕೂರಿಗೆ ಹಿಡಿದರೆ ಹಿಂದೆ ಅಮ್ಮ ಅಕ್ಕಡಿ ಕಾಳು (ರಾಗಿ ಸಾಲಿನ ನಡುವೆ ಹಾಕುವ ಮಿಶ್ರ ಬೆಳೆ) ಬಿಡುತ್ತಿದ್ದರು, ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಬದುವಿನಲ್ಲಿ ನಾಲ್ಕು ಹರಳು ಗಿಡ. ರಾಗಿ ಅಪ್ಪನದು, ಅಕ್ಕಡಿ ಅಮ್ಮನದು. ಯಾರೂ ಬರೆದಿಟ್ಟಿರಲಿಲ್ಲ, ಆದ್ರೆ ಹಾಗೇ ನಡೆಯುತ್ತಿತ್ತು. ತೊಗರಿ ಎಷ್ಟು ಮಾರುವುದು, ಎಷ್ಟು ಮಡಕೆಗೆ ಹಾಕಿ ಬೂದಿ ಬೆರೆಸಿ ಇಡುವುದು, ಎಲ್ಲಾ ಅಮ್ಮನ ಲೆಕ್ಕ. ಕಳೆ ಕೀಳಲು ಹೋದವರು ಬರುವಾಗ ಮಡಿಲ ತುಂಬ ಬೆರಕೆ ಸೊಪ್ಪು ತರುತ್ತಿದ್ದರು, ಅಣ್ಣೆ, ಗೋಣಿ, ಹೊನಗೊನ್ನೆ ಸೊಪ್ಪು, ಇನ್ನೂ ಏನೇನೋ, ನನಗೆ ಹೆಸರು ಮರೆತಿದೆ. ಅದರಲ್ಲಿ ಮಸ್ಸೊಪ್ಪೋ ಬಸ್ಸಾರೋ ಆಗುತ್ತಿತ್ತು.

ಈಗ ತೋಟಕ್ಕೆ ಕಳೆ ಔಷಧಿ ಹೊಡೆಯುತ್ತಾರೆ, ಸೊಪ್ಪು ಅನ್ನುವುದು ಸಂತೆಯಿಂದ ಬಂದರೆ ಉಂಟು. ದುಡ್ಡು ಅಪ್ಪನ ಖಾತೆಗೆ. ಹೋದ ವಾರ ಮೂರು ದಿನ ಇದ್ದೆ, ಮೂರು ದಿನವೂ ಅನ್ನ, ತಿಳಿಸಾರು, ಹಪ್ಪಳ. ಅತ್ತಿಗೆ ಎಲ್ಲರದ್ದೂ ಆದ ಮೇಲೆ ಉಂಡರು, ತಳದಲ್ಲಿ ಏನಿತ್ತೋ ಅದು.

ಇದನ್ನೆಲ್ಲ ಸಂಘದ ಹೆಂಗಸರ ಹತ್ತಿರ ಮಾತಾಡುತ್ತಿದ್ದಾಗ ಅವರು "ನೀನು ಓದಿದೋನು, ವಿಚಾರಿಸಿ ಹೇಳು" ಅಂದರು. ಸಂಘದಲ್ಲಿ ಹನ್ನೆರಡು ಜನ, ಉಳಿತಾಯ ಸುಮಾರು 60 ಸಾವಿರ ಇದೆ. ಒಬ್ಬರು ಟೈಲರಿಂಗ್ ಮೆಷಿನ್ ತರೋಣ ಅನ್ನುತ್ತಾರೆ, ಒಬ್ಬರು ಹಪ್ಪಳ ಉಪ್ಪಿನಕಾಯಿ, ಇನ್ನೊಬ್ಬರು ಬೀಳು ಬಿದ್ದ ಹೊಲ ಗುತ್ತಿಗೆಗೆ ಹಿಡಿದು ರಾಗಿ ಹಾಕೋಣ ಅನ್ನುತ್ತಾರೆ. ಹೆಂಗಸರ ಕೈಯಲ್ಲಿ ಬೆಳೆ, ದುಡ್ಡು ಇದ್ದರೆ ಮನೆಯ ಊಟ ಸುಧಾರಿಸುತ್ತೆ ಅನ್ನುವುದು ನಿಜವಾ, ಇಲ್ಲ ಭಾಷಣದ ಮಾತಾ? ಎಲ್ಲಾದರೂ ಆಗಿದ್ದು ನೋಡಿದವರು ಇದ್ದರೆ ಹೇಳಿ.

---

ಬಾಲವಾಡಿ_ಅಕ್ಕ

ತಮ್ಮಾ, ಮೊದಲು ಅತ್ತಿಗೆ ವಿಷಯ. ಸಂಘ, ಹೊಲ ಎಲ್ಲಾ ಆಮೇಲೆ. ಬಸುರಿಯಲ್ಲಿ 11ರ ಕೆಳಗೆ ಇದ್ದರೆ ರಕ್ತಹೀನತೆ, 7ರ ಕೆಳಗೆ ಹೋದರೆ ಆಸ್ಪತ್ರೆಗೆ ಸೇರಿಸುವ ಮಟ್ಟ. 8.4 ಅಂದರೆ ಸೊಪ್ಪು ತಿಂದು ಸರಿಮಾಡಿಕೊಳ್ಳುವ ಸಮಯ ಅಲ್ಲ. ಡಾಕ್ಟರಿಗೆ ತೋರಿಸಿ, ಮಾತ್ರೆ ಸಾಕಾ ಇಂಜೆಕ್ಷನ್ ಬೇಕಾ ಅಂತ ಅವರು ಹೇಳುತ್ತಾರೆ.

ಮಾತ್ರೆ ಕೊಟ್ಟಿದ್ದರೆ ನಿಜವಾಗಿ ನುಂಗುತ್ತಿದ್ದಾಳಾ ಅಂತ ಮೆಲ್ಲಗೆ ಕೇಳಿ. ನಾನು ಇಪ್ಪತ್ತೆರಡು ವರ್ಷ ಅಂಗನವಾಡಿಯಲ್ಲಿ ಇದ್ದವಳು. ಎಷ್ಟೋ ಮನೆಯಲ್ಲಿ ಮಾತ್ರೆ ದಿಂಬಿನ ಕೆಳಗೆ ಇರುತ್ತಿತ್ತು. ವಾಕರಿಕೆ ಬರುತ್ತೆ, ಮಲ ಕಪ್ಪಗಾಗುತ್ತೆ, ಹೆದರಿ ಬಿಟ್ಟುಬಿಡುತ್ತಾರೆ, ಹೇಳಲು ನಾಚಿಕೆ. ರಾತ್ರಿ ಊಟ ಆದ ಮೇಲೆ ತೆಗೆದುಕೊಂಡರೆ ವಾಕರಿಕೆ ಕಮ್ಮಿ. ಕ್ಯಾಲ್ಸಿಯಂ ಮಾತ್ರೆ ಜೊತೆ ಸೇರಿಸಿ ನುಂಗಬಾರದು, ಒಂದು ಬೆಳಿಗ್ಗೆ ಒಂದು ರಾತ್ರಿ ಮಾಡಿಕೊಳ್ಳಲಿ. ಊಟದ ಜೊತೆ ಟೀ ಕಾಫಿ ಬೇಡ. ಸಾರಿಗೆ ನಿಂಬೆಹಣ್ಣು ಹಿಂಡಿಕೊಳ್ಳಲಿ, ಕಬ್ಬಿಣದ ಅಂಶ ಮೈಗೆ ಹತ್ತುತ್ತೆ.

ನಿಮ್ಮ ಬೀದಿಯೊಂದೇ ಅಲ್ಲ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಜನರಿಗೆ ರಕ್ತಹೀನತೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಇದ್ದದ್ದು 44.8. ಅಂದರೆ ಜಾಸ್ತಿ ಆಗಿದೆ! ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5.

ಇನ್ನು ಕೊನೆಗೆ ಉಣ್ಣುವುದರ ಬಗ್ಗೆ. 2017ರ ಅಕ್ಟೋಬರ್‌ನಲ್ಲಿ ಮಾತೃಪೂರ್ಣ ಅಂತ ಶುರುವಾಯಿತಲ್ಲ, ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ. ಯಾಕೆ ಅಲ್ಲೇ ಕೂರಿಸಿ ಹಾಕುವುದು ಅಂದರೆ, ಮನೆಗೆ ಕೊಟ್ಟರೆ ಅದು ಎಲ್ಲರ ಪಾತ್ರೆಗೆ ಬೀಳುತ್ತೆ, ಅವಳ ತಟ್ಟೆಗೆ ಬರುವುದು ತಳದ್ದೇ. ಯೋಚನೆ ಒಳ್ಳೆಯದೇ. ಆದರೆ ನನ್ನ ಕೇಂದ್ರಕ್ಕೆ ಹೊಲದ ಮನೆಗಳಿಂದ ಎರಡು ಕಿಲೋಮೀಟರ್, ಬಿಸಿಲಲ್ಲಿ ಎಂಟು ತಿಂಗಳ ಹೊಟ್ಟೆ ಹೊತ್ತು ನಡೆದು ಬಂದು ಉಂಡು ಹೋಗಬೇಕು. ಕೂಲಿಗೆ ಹೋಗುವವಳು ಮಧ್ಯಾಹ್ನ ಬಿಟ್ಟು ಬರಲು ಆಗುತ್ತಾ? ಕೆಲವು ಅತ್ತೆಯರು "ಮನೇಲಿ ಅನ್ನ ಇಲ್ವಾ, ಊರೋರ ಎದುರು ತಿಂದು ಬರ್ತೀಯಾ" ಅನ್ನೋರು.

ಒಬ್ಬ ಸೊಸೆ ಇದ್ದಳು, ಹೆಸರು ಬೇಡ. ಅವಳ ಅತ್ತೆಗೆ ನಾನು ಬೈಯಲಿಲ್ಲ, ಉಪದೇಶ ಮಾಡಲಿಲ್ಲ. ಒಂದು ಮುಚ್ಚಳದ ಡಬ್ಬಿ ತೆಗೆದುಕೊಂಡು ಹೋಗಿ ಕೊಟ್ಟೆ. "ಅಡುಗೆ ಆದ ತಕ್ಷಣ ಗಂಡಸರಿಗೆ ಬಡಿಸೋಕೆ ಮುಂಚೆ ಹೊಟ್ಟೇಲಿರೋ ಮೊಮ್ಮಗನ ಪಾಲು ಇದಕ್ಕೆ ತೆಗೆದಿಡಮ್ಮ" ಅಂದೆ. ಮೊಮ್ಮಗಳು ಅಂದಿದ್ದರೆ ತೆಗೆದಿಡುತ್ತಿದ್ದಳೋ ಇಲ್ಲವೋ, ಅದಕ್ಕೆ ಸುಮ್ನೆ ಮೊಮ್ಮಗ ಅಂದೆ. ಹುಟ್ಟಿದ್ದು ಹೆಣ್ಣು, ಆದರೆ ಆ ಡಬ್ಬಿ ನಿಲ್ಲಲಿಲ್ಲ.

---

ಒನಕೆ

ಎಲ್ಲರೂ ರಾಗಿ ಸಿರಿಧಾನ್ಯ ಅಂತ ಶುರುಮಾಡುವ ಮುಂಚೆ ನಾನು ಒಂದು ಕಹಿ ಮಾತು ಹೇಳಿಬಿಡುತ್ತೇನೆ.

ನಮ್ಮ ಅಜ್ಜಿ ಹೊಸದುರ್ಗ ಕಡೆಯವಳು. ಸಾಮೆ ಅನ್ನ ಉಂಡು ಬೆಳೆದವಳು, ಸರಿ. ಆದರೆ ಆ ಸಾಮೆ ಅಕ್ಕಿ ಆಗಬೇಕಾದರೆ ಕೋಳಿ ಕೂಗುವ ಮುಂಚೆ ಎದ್ದು ಬೀಸಬೇಕು, ಕುಟ್ಟಬೇಕು, ಕೇರಬೇಕು, ಮತ್ತೆ ಕುಟ್ಟಬೇಕು. ಹತ್ತು ಜನರ ಮನೆ. ಅಜ್ಜಿಯ ಅಂಗೈ ಮುಟ್ಟಿದರೆ ಮರದ ತೊಗಟೆ ಹಾಗೆ ಇತ್ತು. ಸೊಸೈಟಿಯಲ್ಲಿ ಅಕ್ಕಿ ಕೊಡಲು ಶುರುಮಾಡಿದಾಗ ಮೊದಲು ಖುಷಿಪಟ್ಟವಳು ಅವಳೇ. ತೊಳೆದು ಒಲೆ ಮೇಲಿಟ್ಟರೆ ಆಯಿತು! ಸಾಮೆ, ನವಣೆ ಯಾಕೆ ಹೋದವು ಅಂತ ಗಂಡಸರು ವೇದಿಕೆ ಮೇಲೆ ದುಃಖಪಡುತ್ತಾರೆ, ಅವರ್ಯಾರೂ ಒನಕೆ ಹಿಡಿದವರಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಹೊಲ ಹಿಡಿದು ರಾಗಿ ಬೆಳೆಯಿರಿ ಅಂದರೆ ಈಗಾಗಲೇ ಅಡುಗೆ, ದನ, ಕೂಲಿ, ಮಕ್ಕಳು ಅಂತ ಸುಸ್ತಾದವರಿಗೆ ಇನ್ನೊಂದು ಕೆಲಸ. ಆಗ ರಕ್ತ ಜಾಸ್ತಿ ಆಗುತ್ತಾ ಕಮ್ಮಿ ಆಗುತ್ತಾ? ಪ್ರಶ್ನೆ ಕೇಳಿದವರ ಮನೆಯಲ್ಲಿ ಅಡಿಕೆ ದುಡ್ಡು ಇದೆ ಅಲ್ವಾ. ಅಪ್ಪ ಅದರಲ್ಲಿ ವಾರಕ್ಕೆ ಒಂದು ಟ್ರೇ ಮೊಟ್ಟೆ, ಎರಡು ಕೆಜಿ ಬೇಳೆ ತರಲಿ. ಅದಕ್ಕೆ ಸಂಘ ಯಾಕೆ ಬೇಕು?

---

ಕೆರೆಯಂಗಳ

@ಬಾಲವಾಡಿ_ಅಕ್ಕ, ಮಾತ್ರೆ ವಿಷಯ ಅಮ್ಮನ ಕೈಲಿ ಕೇಳಿಸಿದೆ. ದಿಂಬಿನ ಕೆಳಗೆ ಅಲ್ಲ, ಅಕ್ಕಿ ಡಬ್ಬದ ಹಿಂದೆ ಇತ್ತು. ನಾಳೆ ತುಮಕೂರಿಗೆ ಕರೆದುಕೊಂಡು ಹೋಗುತ್ತಿದ್ದೇವೆ.

@ಒನಕೆ, ಮೊಟ್ಟೆ ಮಾತು ಒಪ್ಪಿದೆ. ಅಪ್ಪನಿಗೆ ಹೇಳಿದೆ. "ಬೇಕಾದರೆ ತಂದ್ಕೊಳ್ಳಲಿ, ನಾನು ಬೇಡ ಅಂದ್ನಾ" ಅಂದರು. ಅದು ನಿಜವೂ ಹೌದು, ಅವರು ಯಾವತ್ತೂ ಬೇಡ ಅಂದಿಲ್ಲ. ಆದರೆ ಅತ್ತಿಗೆ ಹೋಗಿ ಮಾವನ ಹತ್ತಿರ "ನನಗೆ ಮೊಟ್ಟೆಗೆ ದುಡ್ಡು ಕೊಡಿ" ಅನ್ನುವುದುಂಟಾ? ಮೊದಲು ಅಮ್ಮ ಯಾರನ್ನೂ ಕೇಳುತ್ತಿರಲಿಲ್ಲ, ಮಡಕೆಗೆ ಕೈ ಹಾಕಿ ಅವರೆಕಾಳು ತೆಗೆಯುತ್ತಿದ್ದರು. ವ್ಯತ್ಯಾಸ ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತಿದೆ.

---

ಕುಂದಗೋಳ_ಎಕ್ಸ್‌ಪ್ರೆಸ್

ಒನಕೆ ಅಕ್ಕಾರ ಮಾತಿಗೆ ನಮ್ಮ ತಾಲ್ಲೂಕಿನಲ್ಲೇ ಉತ್ತರ ಐತಿ ನೋಡ್ರಿ.

ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಅನ್ನೋ ಊರು. ಅಲ್ಲಿ ಬೀಬಿ ಫಾತಿಮಾ ಸ್ವಸಹಾಯ ಸಂಘ ಅಂತ ಇದೆ. 2018ರಲ್ಲಿ ಹದಿನೈದು ಹೆಂಗಸರು ಸೇರಿ ಶುರುಮಾಡಿದ್ದು. ಮಳೆ ನಂಬಿದ ಒಣ ಭೂಮಿ. ಇವರು ಸಹಜ ಸಮೃದ್ಧ ಅನ್ನೋ ಸಂಸ್ಥೆಯವರ ಒತ್ತಾಸೆಯಿಂದ ಸಿರಿಧಾನ್ಯದ ದೇಸಿ ಬೀಜ ಕೂಡಿಸಿ ಬೀಜ ಬ್ಯಾಂಕ್ ಮಾಡಿದರು. ರೈತರಿಗೆ ಬೀಜ ಕೊಡುತ್ತಾರೆ. ಆಮೇಲೆ ಮುಖ್ಯವಾದದ್ದು ಏನಂದರೆ, ಸಿರಿಧಾನ್ಯ ಸಂಸ್ಕರಣೆ ಘಟಕ ಹಾಕಿದರು, ನಡೆಸುವವರು ಹೆಂಗಸರೇ. ಸಾಮೆ, ನವಣೆ ತಂದು ಹಾಕಿದರೆ ಮೆಷಿನ್ ಹೊಟ್ಟು ಬಿಡಿಸಿ ಅಕ್ಕಿ ಮಾಡಿ ಕೊಡುತ್ತದೆ. ಒನಕೆ ಅಟ್ಟ ಸೇರಿತು! 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ, ಪ್ರಕೃತಿ ಉಳಿಸಿಕೊಂಡು ಬದುಕು ಕಟ್ಟುವ ಊರಿನ ಗುಂಪುಗಳಿಗೆ ಕೊಡುವಂಥದ್ದು, ಇವರಿಗೆ ಬಂತು. ಪೇಪರ್‌ನಲ್ಲಿ ಓದಿ ನಮಗೇ ಆಶ್ಚರ್ಯ, ಪಕ್ಕದ ಊರಿನ ಸುದ್ದಿ ನ್ಯೂಯಾರ್ಕ್ ಸುತ್ತಿ ನಮ್ಮ ಮನೆಗೆ ಬಂತು.

ನಿಮ್ಮ ಕಡೆ ರಾಗಿ ಇರುವುದರಿಂದ ಅದರ ತೊಂದರೆ ಅರ್ಧ ಕಮ್ಮಿ. ರಾಗಿಗೆ ಸಾಮೆ ಹಾಗೆ ಗಟ್ಟಿ ಸಿಪ್ಪೆ ಇಲ್ಲ, ಹಿಟ್ಟಿನ ಗಿರಣಿಗೆ ಹಾಕಿದರೆ ಆಯಿತು. 60 ಸಾವಿರದಲ್ಲಿ ಮೆಷಿನ್ ಅಂತ ಹೋಗಬೇಡಿ. ಮೊದಲು ಬೆಳೆ, ಆಮೇಲೆ ಮೆಷಿನ್. ಮೆಷಿನ್ ಮೊದಲು ತಂದು ಹಾಕಲು ಕಾಳಿಲ್ಲದೆ ತುಕ್ಕು ಹಿಡಿದದ್ದು ನಾನು ಬೇರೆ ಕಡೆ ಎರಡು ಮೂರು ನೋಡಿದ್ದೇನೆ, ಉದ್ಘಾಟನೆ ಫೋಟೊ ಮಾತ್ರ ಗೋಡೆ ಮೇಲಿದೆ.

---

ಬೀದರಿ_ಹೂಜಿ

ಬೀಳು ಹೊಲ ಗುತ್ತಿಗೆ ಹಿಡಿಯುವ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಬೀದರಿನಿಂದ ಸುಮಾರು ಒಂದು ತಾಸಿನ ದಾರಿ, ತೆಲಂಗಾಣದ ಜಹೀರಾಬಾದ್. ಅದರ ಪಕ್ಕ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಅಂತ 1983ರಿಂದ ಕೆಲಸ ಮಾಡುತ್ತಿದೆ. ಹಳ್ಳಿ ಹಳ್ಳಿಯಲ್ಲಿ ಹೆಂಗಸರ ಸಂಘಗಳು, ಬಹಳಷ್ಟು ದಲಿತ ಹೆಂಗಸರು, ಒಂದೆರಡು ಎಕರೆ ಇದ್ದರೆ ಹೆಚ್ಚು. ಅಲ್ಲಿ ಕೂಡ ರೇಷನ್ ಅಕ್ಕಿ ಬಂದ ಮೇಲೆ ಜೋಳದ ಹೊಲಗಳು ಬೀಳು ಬಿದ್ದಿದ್ದವು. 90ರ ದಶಕದಲ್ಲಿ ಸಂಘದವರು ಆ ಬೀಳು ಭೂಮಿ ಉಳಲು, ಗೊಬ್ಬರ ಹಾಕಲು ಸಾಲ ಕೊಟ್ಟರು. ಸಾಲ ವಾಪಸ್ ಕಟ್ಟುವುದು ದುಡ್ಡಿನಲ್ಲಿ ಅಲ್ಲ, ಜೋಳದಲ್ಲಿ. ಆ ಜೋಳ ಊರಲ್ಲೇ ಕೂಡಿಟ್ಟು ಮಳೆಗಾಲದಲ್ಲಿ, ಮನೆಯಲ್ಲಿ ಕಾಳು ಮುಗಿದು ಕೂಲಿಯೂ ಇಲ್ಲದ ತಿಂಗಳುಗಳಲ್ಲಿ, ಬಡವರಿಗೆ ಕಡಿಮೆ ಬೆಲೆಗೆ ಕೊಟ್ಟರು. ಊರಲ್ಲಿ ಯಾರು ಎಷ್ಟು ಬಡವರು ಅಂತ ತೀರ್ಮಾನ ಮಾಡಿದ್ದು ಆಫೀಸಿನವರಲ್ಲ. ಊರಿನವರೇ ಕೂತು, ಮನೆ ಮನೆ ಲೆಕ್ಕ ಹಾಕಿ. ಯಾರ ಮನೆಯಲ್ಲಿ ಒಲೆ ಹೊತ್ತಲಿಲ್ಲ ಅನ್ನುವುದು ಪಕ್ಕದ ಮನೆಯವಳಿಗೆ ಗೊತ್ತಿರುವಷ್ಟು ಇನ್ಯಾರಿಗೆ ಗೊತ್ತಿರುತ್ತೆ?

ನಾನು ಒಮ್ಮೆ ಅವರ ಬೀಜದ ಜಾತ್ರೆಗೆ ಹೋಗಿದ್ದೆ. ಎತ್ತಿನ ಗಾಡಿ ಸಿಂಗರಿಸಿ ಮಣ್ಣಿನ ಕುಡಿಕೆಗಳಲ್ಲಿ ಬೀಜ ಇಟ್ಟು ಊರೂರು ಮೆರವಣಿಗೆ ಮಾಡುತ್ತಾರೆ. ಒಬ್ಬ ಅಜ್ಜಿಗೆ "ಬೀಜ ಎಷ್ಟಕ್ಕೆ" ಅಂದೆ. ನನ್ನನ್ನು ಕೆಳಗಿಂದ ಮೇಲೆ ನೋಡಿದಳು. ಒಂದು ಸೇರು ಒಯ್ದರೆ ಮುಂದಿನ ವರ್ಷ ಎರಡು ಸೇರು ತಂದುಕೊಡಬೇಕಂತೆ, ದುಡ್ಡಿನ ಮಾತೇ ಇಲ್ಲ. ಇವರಿಗೆ 2019ರಲ್ಲಿ ಅದೇ ಈಕ್ವೇಟರ್ ಪ್ರಶಸ್ತಿ ಬಂದಿದೆ. 2008ರಿಂದ ಇವರದ್ದೇ ಒಂದು ರೇಡಿಯೊ ಕೂಡ ಇದೆ, ಸಂಘಂ ರೇಡಿಯೊ ಅಂತ, ನಡೆಸುವವರು ಅದೇ ಹೊಲದ ಹೆಂಗಸರು.

ನಿಮ್ಮ ಸಂಘಕ್ಕೆ ನನ್ನ ಒಂದೇ ಸಲಹೆ. ಗುತ್ತಿಗೆ ಕರಾರು ಕಾಗದದಲ್ಲಿ ಇರಲಿ, ಮೂರು ವರ್ಷಕ್ಕಾದರೂ ಇರಲಿ, ಹೆಂಗಸರ ಹೆಸರಲ್ಲೇ ಇರಲಿ. ಬೀಳು ಹೊಲ ನೀವು ಹಸನು ಮಾಡಿ ಮೊದಲ ಬೆಳೆ ಚೆನ್ನಾಗಿ ಬಂದ ತಕ್ಷಣ ಮಾಲೀಕರಿಗೆ ತಮ್ಮ ಭೂಮಿ ಮೇಲೆ ಪ್ರೀತಿ ಉಕ್ಕುತ್ತದೆ.

---

ಪಹಣಿ_ಪತ್ರ

ಮೇಲಿನವರು ಹೇಳಿದ ಕೊನೆ ಸಾಲನ್ನೇ ಎಳೆಯುತ್ತೇನೆ.

ಈ ದೇಶದಲ್ಲಿ ಹೊಲದ ಕೆಲಸದ ದೊಡ್ಡ ಪಾಲು ಹೆಂಗಸರದ್ದು. ಆದರೆ 2015-16ರ ಕೃಷಿ ಗಣತಿ ಪ್ರಕಾರ ಹಿಡುವಳಿಗಳಲ್ಲಿ ಹೆಂಗಸರ ಹೆಸರಲ್ಲಿ ಇರುವುದು ಶೇ 14ರಷ್ಟು. ಪಹಣಿಯಲ್ಲಿ ಹೆಸರಿಲ್ಲ ಅಂದರೆ ಬೆಳೆ ಸಾಲ ಇಲ್ಲ, ಬರ ಪರಿಹಾರ ಇಲ್ಲ, ಕಿಸಾನ್ ಸಮ್ಮಾನ್ ದುಡ್ಡು ಇಲ್ಲ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕಾನೂನು ಬಂತು, ಕೇಂದ್ರದ್ದು 2005ರಲ್ಲಿ. ಆದರೆ ಅಣ್ಣತಮ್ಮಂದಿರು ಭಾಗ ಮಾಡಿಕೊಳ್ಳುವಾಗ ಅಕ್ಕತಂಗಿಯರನ್ನು ಕರೆದು ಸಹಿ ಹಾಕಿಸಿಕೊಂಡು, ಒಂದು ಸೀರೆ ಕೊಟ್ಟು ಕಳಿಸುವುದು ನಮ್ಮ ಕಡೆ ಇವತ್ತಿಗೂ ನಡೆಯುತ್ತೆ. ನನ್ನ ತಂಗಿಗೆ ನಾವೂ ಅದನ್ನೇ ಮಾಡಿದ್ದು. ಸುಳ್ಳು ಯಾಕೆ ಹೇಳಲಿ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2011ರಲ್ಲಿ ಒಂದು ಲೆಕ್ಕ ಹಾಕಿತ್ತು. ಭೂಮಿ, ಸಾಲ, ಬೀಜ, ಗೊಬ್ಬರ ಇವೆಲ್ಲ ಗಂಡಸರಿಗೆ ಸಿಕ್ಕಷ್ಟೇ ಹೆಂಗಸರಿಗೂ ಸಿಕ್ಕಿದರೆ ಅವರ ಹೊಲದ ಇಳುವರಿ ಶೇ 20ರಿಂದ 30 ಜಾಸ್ತಿ ಆಗಬಹುದು, ಜಗತ್ತಿನಲ್ಲಿ ಹಸಿದವರ ಸಂಖ್ಯೆ 10ರಿಂದ 15 ಕೋಟಿ ಇಳಿಯಬಹುದು ಅಂತ. ಈಗ 2026ನ್ನು ರೈತ ಮಹಿಳೆಯರ ವರ್ಷ ಅಂತಲೂ ಘೋಷಿಸಿದ್ದಾರೆ. ತಾಲ್ಲೂಕಿನಲ್ಲಿ ಒಂದು ಸಮಾರಂಭ ಆಗುತ್ತೆ, ಶಾಲು ಹಾಕುತ್ತಾರೆ. ಪಹಣಿಗೆ ಜಂಟಿ ಹೆಸರು ಸೇರಿಸುವ ಅರ್ಜಿ ಅಲ್ಲೇ ತೆಗೆದುಕೊಂಡರೆ ನಾನೂ ಹೋಗಿ ಚಪ್ಪಾಳೆ ತಟ್ಟುತ್ತೇನೆ.

ಇನ್ನೊಂದು. ಗೃಹಲಕ್ಷ್ಮಿ 2000 ರೂಪಾಯಿ ಬರುವುದು ರೇಷನ್ ಕಾರ್ಡಿನ ಯಜಮಾನಿಗೆ, ಒಂದು ಕಾರ್ಡಿಗೆ ಒಬ್ಬರಿಗೆ. ನಿಮ್ಮ ಮನೆಯಲ್ಲಿ ಕಾರ್ಡು ಇದ್ದರೆ ಅದು ಅಮ್ಮನಿಗೆ, ಬಸುರಿ ಸೊಸೆಗೆ ಅಲ್ಲ. ಹಾಗಾಗಿ "ಹೆಂಗಸರ ಕೈಗೆ ದುಡ್ಡು" ಅಂದಾಗ ಯಾವ ಹೆಂಗಸು ಅಂತಲೂ ಕೇಳಬೇಕು. ಬಸುರಿ ಬಾಣಂತಿಯರಿಗೆ ಕೇಂದ್ರ ಸರ್ಕಾರ ಕೊಡುವ ಮಾತೃವಂದನಾ ದುಡ್ಡು ಅತ್ತಿಗೆಯ ಖಾತೆಗೇ ಬರುತ್ತೆ, ಮೊದಲ ಮಗುವಿಗೆ 5000, ಕಂತಿನಲ್ಲಿ. ಅರ್ಜಿ ಹಾಕಿದ್ದಾರಾ ನೋಡಿ.

---

ಮಪುಟೊ_ಮಲೆನಾಡಿಗ

ತೀರ್ಥಹಳ್ಳಿಯವನು, ಮೊಜಾಂಬಿಕ್‌ನಲ್ಲಿ ಕೆಲಸ. ಇಲ್ಲಿಯ ಒಂದು ಉದಾಹರಣೆ.

ಇಲ್ಲಿ ಗೆಣಸು ಹೆಂಗಸರ ಬೆಳೆ, ನಿಮ್ಮ ಅಕ್ಕಡಿ ಇದ್ದ ಹಾಗೆ. ಮನೆ ಹತ್ತಿರ, ತಗ್ಗಿನಲ್ಲಿ ಹಾಕಿಕೊಳ್ಳುತ್ತಾರೆ, ಬಳ್ಳಿ ತುಂಡನ್ನು ಒಬ್ಬರಿಗೊಬ್ಬರು ಹಂಚಿಕೊಳ್ಳುತ್ತಾರೆ. ಮೊದಲು ಇದ್ದದ್ದು ಬಿಳಿ ಗೆಣಸು, ಎ ಜೀವಸತ್ವ ಇಲ್ಲವೇ ಇಲ್ಲ ಅನ್ನಬಹುದು. ಕಿತ್ತಳೆ ಬಣ್ಣದ ಗೆಣಸಿನ ಬಳ್ಳಿಯನ್ನು ಹಂಚಿದರು, ಜೊತೆಗೆ ತಾಯಂದಿರನ್ನು ಕೂರಿಸಿಕೊಂಡು ಮಗುವಿಗೆ ಯಾವಾಗ, ಎಷ್ಟು, ಹೇಗೆ ಕೊಡಬೇಕು ಅಂತ ಮಾತಾಡಿದರು. ಮಕ್ಕಳ ರಕ್ತದಲ್ಲಿ ಎ ಜೀವಸತ್ವ ಏರಿದ್ದು ಪರೀಕ್ಷೆಯಲ್ಲೇ ಕಂಡಿತು. ಈ ಕೆಲಸಕ್ಕೆ ಮರಿಯಾ ಆಂಡ್ರಾಡೆ, ರಾಬರ್ಟ್ ಮ್ವಾಂಗಾ, ಜಾನ್ ಲೋ ಅವರಿಗೆ, ಬೆಳೆಯಲ್ಲೇ ಪೋಷಕಾಂಶ ಹೆಚ್ಚಿಸುವ ಕೆಲಸ ಮಾಡಿದ ಹೋವರ್ತ್ ಬೋವಿಸ್ ಜೊತೆಗೆ, 2016ರ ವಿಶ್ವ ಆಹಾರ ಪ್ರಶಸ್ತಿ ಬಂತು.

ಸಂಘದವರು ರಾಗಿ ಬೆಳೆದರೆ ಎಷ್ಟು ಮಾರುವುದು ಅಂತ ಲೆಕ್ಕ ಹಾಕುವ ಮುಂಚೆ ಎಷ್ಟು ಮನೆಗೆ ಅಂತ ಲೆಕ್ಕ ಹಾಕಲಿ. ನಾನಿರುವ ಕಡೆ ಕಂಡದ್ದು, ಬೆಳೆಗೆ ಮಾರ್ಕೆಟ್ಟಲ್ಲಿ ಒಳ್ಳೆ ಬೆಲೆ ಬಂತೋ ಅದು ಮೆಲ್ಲಗೆ ಗಂಡಸರ ಬೆಳೆ ಆಗಿಬಿಡುತ್ತೆ.

---

ಒನಕೆ

ಕುಂದಗೋಳದವರೇ, ಮೆಷಿನ್ ವಿಷಯ ಒಪ್ಪಿದೆ, ಅಜ್ಜಿ ಇದ್ದಿದ್ದರೆ ತೀರ್ಥಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಆದ್ರೂ ನನ್ನ ಒಂದು ಮಾತು ನಿಂತೇ ಇದೆ. ಸಂಘದವರು ಹೊಲಕ್ಕೆ ಹೋದ ದಿನ ಮನೆಯ ಅಡುಗೆ ಯಾರು ಮಾಡುತ್ತಾರೆ ಅಂತ ಮೊದಲೇ ತೀರ್ಮಾನ ಆಗಲಿ. ಇಲ್ಲಾಂದ್ರೆ ಅದೂ ಅವರ ತಲೆ ಮೇಲೆ.

---

ಕೆರೆಯಂಗಳ

ಎಲ್ಲರಿಗೂ ಥ್ಯಾಂಕ್ಸ್. ಏಳು ವಾರ ಆಯಿತು, ಏನಾಯಿತು ಅಂತ ಹೇಳದೆ ಸುಮ್ಮನಿದ್ದರೆ ತಪ್ಪಾಗುತ್ತೆ.

ಅತ್ತಿಗೆಗೆ ಡಾಕ್ಟರ್ ಮಾತ್ರೆ ಬದಲಿಸಿ ಕೊಟ್ಟರು, ಮೊನ್ನೆ ಪರೀಕ್ಷೆಯಲ್ಲಿ 10.1. ಡಬ್ಬಿ ಕಥೆ ಅಮ್ಮನಿಗೆ ಓದಿ ಹೇಳಿದೆ. "ನಾನೇನು ಅಷ್ಟು ಕೆಟ್ಟೋಳಾ" ಅಂತ ಸಿಟ್ಟು ಮಾಡಿಕೊಂಡರು. ಮಾರನೇ ದಿನದಿಂದ ಅತ್ತಿಗೆಯನ್ನು ತಮ್ಮ ಜೊತೆ, ಗಂಡಸರಿಗೆ ಮುಂಚೆ ಕೂರಿಸಿಕೊಳ್ಳುತ್ತಿದ್ದಾರೆ. ಅಪ್ಪ ಒಂದು ದಿನ ಕಾದರು, ಎರಡನೇ ದಿನ ತಾವೇ ಬಡಿಸಿಕೊಂಡರು. ಏನೂ ಆಗಲಿಲ್ಲ.

ಸಂಘದವರು ಎರಡು ಎಕರೆ ಬೀಳು ಹೊಲ ಮೂರು ವರ್ಷಕ್ಕೆ ಮಾಡಿಕೊಂಡರು, ಛಾಪಾ ಕಾಗದದಲ್ಲಿ, ನಾಲ್ಕು ಜನರ ಹೆಸರಲ್ಲಿ. ಉಳುಮೆ ಆಗಿದೆ. ಟೈಲರಿಂಗ್ ಮೆಷಿನ್ ಬೇಕು ಅಂದವರು ಇನ್ನೂ ಮುಖ ಗಂಟು ಹಾಕಿಕೊಂಡಿದ್ದಾರೆ, ಅವರಿಗೆ ಬೆನ್ನು ನೋವು, ಹೊಲದ ಕೆಲಸ ಆಗಲ್ಲ, ಅವರು ಹೇಳುವುದರಲ್ಲೂ ತಪ್ಪಿಲ್ಲ. ಅಡುಗೆ ಯಾರು ಮಾಡುವುದು ಅನ್ನುವ ಮಾತು ಮೀಟಿಂಗಿನಲ್ಲಿ ಬಂತು, ಎಲ್ಲರೂ ನಕ್ಕರು, ಅಷ್ಟಕ್ಕೇ ನಿಂತಿದೆ.

ಅಪ್ಪನ ಹತ್ತಿರ ಅಡಿಕೆ ತೋಟದ ಅಂಚಿನಲ್ಲಿ ಹತ್ತು ಗುಂಟೆ ಬಿಡಿ ಅಂತ ಕೇಳಿದ್ದೇನೆ, ಔಷಧಿ ಹೊಡೆಯದೆ. ನೋಡೋಣ ಅಂದಿದ್ದಾರೆ. ಅವರ ನೋಡೋಣಕ್ಕೆ ಎರಡು ಅರ್ಥ ಉಂಟು.

ಈಗ ಒಂದು ಸಹಾಯ ಬೇಕು. ಅಮ್ಮನ ಮಡಕೆಯಲ್ಲಿ ಇದ್ದ ಅವರೆ ಬೀಜ ಹೋಗಿ ಹತ್ತು ವರ್ಷ ಆಯಿತು. ಅಂಗಡಿಯದ್ದು ಮೋಟು ಗಿಡ, ಎಲ್ಲ ಕಾಲದಲ್ಲೂ ಕಾಯಿ ಬಿಡುವಂಥದ್ದು, ಅದು ಅಕ್ಕಡಿಗೆ ಆಗಲ್ಲವಂತೆ. ರಾಗಿ ಮಧ್ಯೆ ಹಬ್ಬಿ ಸಂಕ್ರಾಂತಿ ಹೊತ್ತಿಗೆ ಸೊಗಡು ಬರುವ ನಾಟಿ ಅವರೆ, ಒಂದೆರಡು ಸೇರು, ತಿಪಟೂರು, ಅರಸೀಕೆರೆ, ಹಿರಿಯೂರು ಕಡೆ ಯಾರ ಮನೆಯಲ್ಲಾದರೂ ಇದೆಯಾ? ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಮುಂದಿನ ವರ್ಷ ಎರಡರಷ್ಟು ವಾಪಸ್.

---

ಬಾಲವಾಡಿ_ಅಕ್ಕ

ನಮ್ಮ ಅಕ್ಕನ ಮನೆ ಹಿರಿಯೂರು ಹತ್ತಿರವೇ. ಅಟ್ಟದ ಮೇಲೆ ಇದೆ ಅಂದಳು, ಹುಳ ಬಿದ್ದಿದೆಯಾ ನೋಡಿ ಭಾನುವಾರ ಹೇಳುತ್ತೇನೆ. ನಿಮ್ಮ ಅಮ್ಮನನ್ನೂ ಕರೆದುಕೊಂಡು ಬನ್ನಿ, ಬೀಜ ಆರಿಸುವುದು ನಿಮ್ಮ ಕೈಲಿ ಆಗಲ್ಲ.